ಡುಮ್ಮಿಗೆ ಗೋಗ್ರಾಸ

ಆಗಸ್ಟ್ 25, ಭಾನುವಾರ

ಒಣಹುಲ್ಲು ನೆನೆಹಾಕಿ, ನೀರು ಚೆಲ್ಲಿ, ಸೋರಲು ಬಿಟ್ಟೆ. ಸಕ್ಕರೆ ಅಂಶ ನೀರಿನ ಜೊತೆ ಹೋಗುತ್ತದಂತೆ. ಕಾಗದಪತ್ರದಲ್ಲಿ ಇವಳ ಹೆಸರು ಡಚೆಸ್. ನನ್ನ ಬಾಯಲ್ಲಿ ಡುಮ್ಮಿ. ಗಾಳಿ ಕುಡಿದರೂ ಮೈ ಬರುವ ಕುದುರೆ. ಊರು ಬಿಟ್ಟು ಈ ಪರದೇಶದ ಬಡಾವಣೆ, ಪಿಯಾರಾ ವಾಟರ್ಸ್‌ಗೆ ಬಂದ ಕನ್ನಡದವರೆಲ್ಲ ಮನೆ ಕಟ್ಟಿಸಿದರು. ನಾನು ಬಾಡಿಗೆ ಮನೆಯಲ್ಲೇ ಇದ್ದು ಕುದುರೆ ತಂದೆ. ತಲೆ ಕೆಟ್ಟಿದೆ ಅಂದರು. ಕೆಟ್ಟಿರಬಹುದು.

ಬೆಳಿಗ್ಗೆ ಮೇಯಲು ಬಿಡುವಾಗ ಬಾಯಿಗೆ ಕುಕ್ಕೆ. ತೂತಿನಿಂದ ಒಂದೊಂದೇ ಎಸಳು ಎಳೆಯುತ್ತಾಳೆ, ಕಣ್ಣು ಅರ್ಧ ಮುಚ್ಚಿ. ನೋಡುತ್ತಾ ನಿಂತರೆ ನನಗೂ ಜೋಂಪು... ಆಫೀಸು, ಮೀಟಿಂಗು, ಎಲ್ಲಾ ಎಲ್ಲೋ ದೂರ. ಮಧ್ಯಾಹ್ನ ಕುಕ್ಕೆ ಬಿಚ್ಚಿ ಬೇಲಿ ಪಕ್ಕದ ಹುಲ್ಲಿಲ್ಲದ ಮರಳಿಗೆ ಬಿಡುತ್ತೇನೆ.

ಸೆಪ್ಟೆಂಬರ್ 3

ಡುಮ್ಮಿಯ ಎದೆಗೆ ತೂಕದ ಟೇಪ್ ಸುತ್ತಿ ನೋಡಿದೆ. ಮತ್ತೆ ಜಾಸ್ತಿ. ಕುದುರೆ ಡಾಕ್ಟರು, ಅದೇ ವೆಟ್, ಕುತ್ತಿಗೆ ಒತ್ತಿ ನೋಡಿ ಮುಖ ಸಪ್ಪಗೆ ಮಾಡಿದರು. ಹೀಗೇ ಕೊಬ್ಬಿದರೆ ಗೊರಸಿನೊಳಗೆ ಊತ ಬರುತ್ತದೆ, ನಿಲ್ಲಲೂ ಆಗುವುದಿಲ್ಲ, ಆಮೇಲೆ ಪುಟ್ ಟು ಸ್ಲೀಪ್, ಅಂದರೆ ಇಂಜೆಕ್ಷನ್ ಕೊಟ್ಟು ಸಾಯಿಸುವುದೇ. "ಏನು ತಿನ್ನಿಸ್ತೀಯ?" ಅಂದರು. ತೊಳೆದ ಹುಲ್ಲು ಅಂದೆ. ನಂಬಲಿಲ್ಲ.

ಸೆಪ್ಟೆಂಬರ್ 8, ಗಣೇಶನ ಮಾರನೇ ದಿನ

ಡುಮ್ಮಿಯ ಮೂತಿಗೆ ಮೂತಿ ಇಟ್ಟೆ. ಏಲಕ್ಕಿ ವಾಸನೆ. ಯಾರೋ ಕದ್ದು ತಿನ್ನಿಸುತ್ತಿದ್ದಾರೆ.

ಸೆಪ್ಟೆಂಬರ್ 14, ಆರ್ವೋ, ಅಂದರೆ ಇಲ್ಲಿಯವರ ಮಧ್ಯಾಹ್ನ

ಕಳ್ಳರು ಸಿಕ್ಕಿದರು. ಮೈಥಿಲಿ, ಹಿಂದಿನ ಬೀದಿಯ ಹೊಸ ಮನೆಯವರು. ಬೇಲಿ ಹತ್ತಿರ ನಿಂತಿದ್ದರು, ಸ್ಟೀಲ್ ತಟ್ಟೆಯಲ್ಲಿ ಬಾಳೆಹಣ್ಣು, ಬೆಲ್ಲ, ನೆನೆಸಿದ ಅಕ್ಕಿ.

"ಗೋಗ್ರಾಸ ಕೊಡಕ್ಕೆ ಇಲ್ಲಿ ಹಸು ಎಲ್ಲಿದೆ ಹೇಳಿ, ಶ್ರೀಲಕ್ಷ್ಮಿ ಅವರೇ? ಗೃಹಪ್ರವೇಶದ ದಿನ ಪುರೋಹಿತರನ್ನ ಕೇಳ್ದೆ. ನಾಲ್ಕು ಕಾಲಿದ್ರೆ ಆಯ್ತು ಅಂದ್ಬಿಟ್ರು. ಈಗ ಬೀದಿಯವರೆಲ್ಲಾ ಇಲ್ಲಿಗೇ ಬರ್ತಾರೆ."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, "ಅಮ್ಮ ತೀರ್ಕೊಂಡಾಗ ನನಗೆ ಊರಿಗೆ ಹೋಗಕ್ಕಾಗ್ಲಿಲ್ಲ. ಇವಳು ತಿಂದ್ರೆ ಅಮ್ಮನೇ ತಿಂದ ಹಾಗಿರತ್ತೆ."

ಕೋಪ ಎಲ್ಲಿ ಹೋಯಿತೋ. "ಸ್ವಲ್ಪ ಕೊಡಿ" ಅಂದು ಬಂದೆ.

ಸೆಪ್ಟೆಂಬರ್ 24

ಸ್ವಲ್ಪವಂತೆ. ಮೈಥಿಲಿ ಬೀದಿಗೆಲ್ಲಾ ಅದನ್ನೇ ಹೇಳಿದ್ದಾರೆ. ಎಲ್ಲರೂ ಸ್ವಲ್ಪಸ್ವಲ್ಪ.

ಡುಮ್ಮಿ ಮುಂಗಾಲು ಚಾಚಿ ಹಿಮ್ಮಡಿ ಮೇಲೆ ನಿಂತಿದ್ದಾಳೆ. ಗೊರಸು ಬಿಸಿ. ವೆಟ್ ಔಷಧಿ ಕೊಟ್ಟರು. ಎಳೆದು ನಡೆಸಬೇಡ, ತಾನಾಗಿ ನಡೆದರೆ ಉಳಿದಳು, ಮುಂದಿನ ವಾರ ಬುಧವಾರ ಬಂದು ತೀರ್ಮಾನಿಸೋಣ ಅಂದರು. ಮೈಥಿಲಿಗೆ ಫೋನ್ ಮಾಡಿ ನೇರವಾಗಿ ಹೇಳಿದೆ: ನೀವು ಕೊಟ್ಟಿದ್ದರಿಂದಲೇ.

ಸೆಪ್ಟೆಂಬರ್ 29

ಮೈಥಿಲಿ ದಿನಾ ಬರುತ್ತಿದ್ದಾರೆ, ಬರಿಗೈಲಿ. ಬೇಲಿಗೆ ಕನ್ನಡದಲ್ಲೊಂದು ಬೋರ್ಡು ಕಟ್ಟಿದ್ದಾರೆ: ದಯವಿಟ್ಟು ಏನನ್ನೂ ಕೊಡಬೇಡಿ, ಸ್ವಲ್ಪವೂ. ಹುಲ್ಲು ಅವರೇ ತೊಳೆಯುತ್ತಾರೆ, ಅಕ್ಕಿ ತೊಳೆದ ಹಾಗೆ, ನೀರು ತಿಳಿಯಾಗುವವರೆಗೆ. ಬಿಸಿಲು ಜೇನಿನ ಬಣ್ಣ. ಡುಮ್ಮಿ ನಿಂತ ಜಾಗದಿಂದ ಕದಲಿಲ್ಲ. ನನಗೆ ಭಯ.

ಅಕ್ಟೋಬರ್ 2, ಬುಧವಾರ, ಮಹಾಲಯ ಅಮಾವಾಸ್ಯೆ

ಬಕೆಟ್ ಬೋರಲು ಹಾಕಿ ಕೂತು ಬರೆಯುತ್ತಿದ್ದೇನೆ. ವೆಟ್ ಇನ್ನೇನು ಬರುತ್ತಾರೆ. ಮೈಥಿಲಿ ಬೇಲಿಯ ಆ ಕಡೆ. ಇವತ್ತು ಅಮ್ಮನಿಗೆ ಎಡೆ ಇಟ್ಟು ಬಂದರಂತೆ. ಕೈ ಚಾಚಿ ಡುಮ್ಮಿಗೆ ತೋರಿಸುತ್ತಿದ್ದಾರೆ. "ಏನೂ ತಂದಿಲ್ಲ ಕಣೇ, ನೋಡು. ಏನೂ ಇಲ್ಲ."

ಡುಮ್ಮಿ ಕಿವಿ ತಿರುಗಿಸಿದಳು. ತಲೆ ಎತ್ತಿ ಆ ಖಾಲಿ ಕೈಯನ್ನೇ ನೋಡುತ್ತಿದ್ದಾಳೆ.

ಕಾಲು ಎತ್ತಿದಳು. ಮರಳಿನ ಮೇಲೆ ಊರಿದಳು. ನಿಂತಳು... ಮತ್ತೆ ಇನ್ನೊಂದು ಹೆಜ್ಜೆ. ಮೈಥಿಲಿ ಕದಲುತ್ತಿಲ್ಲ. ಗೇಟಿನ ಹತ್ತಿರ ಕಾರಿನ ಸದ್ದು. ಇವಳು ಇನ್ನೂ ನಡೀತಾ—