ಬಿರುಬಿಸಿಲಲ್ಲಿ ನಾನಿಟ್ಟ ಮೌನಗಲ್ಲು

ಹೊಳೆ ಮರಳಿದ ತೊಂಬತ್ತೊಂದನೆಯ ವರ್ಷ, ಮೊದಲ ಮಳೆಯ ಹದಿನೈದನೆಯ ದಿನ. ನಿಮ್ಮ ಲೆಕ್ಕದಲ್ಲಿ ಕ್ರಿಸ್ತಶಕ ೨೨೪೮ ಇರಬೇಕು.

ಮಣ್ಣಿನ ಮೇಲೆ ಕೋಲು ಆಡಿಸುತ್ತ ನಡೆಯುವ ಹಿರಿಯರಿಗೆ, ತೊಗರಿಹಾಳದ ನೀಲಗಂಗಾಳ ಶರಣು.

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಹೊಸದಾಗಿ ಕೇಳಬಹುದು, ಕೆಲವು ತೀರ ಹಳೆಯದಾಗಿ. ನಾನು ಓದು ಕಲಿತದ್ದು ಶಾಲೆಯಲ್ಲಲ್ಲ, ನಿಮ್ಮ ಕಾಲದ ಕರಪತ್ರಗಳಲ್ಲಿ. ನಮ್ಮೂರ ನೆಲದಲ್ಲಿ ಸಿಕ್ಕ ಒಂದು ಕಬ್ಬಿಣದ ಟ್ರಂಕಿನ ತುಂಬ ಅವು ಇದ್ದವು, ಪ್ಲಾಸ್ಟಿಕ್ಕಿನಲ್ಲಿ ಗಟ್ಟಿಯಾಗಿ ಸುತ್ತಿಟ್ಟ ಹಾಗೆಯೇ. ಕೆರೆ ಉಳಿಸಿ, ಬೀಜ ಹಂಚಿಕೊಳ್ಳಿ, ಕೂಲಿ ಸಮನಾಗಿ ಕೊಡಿ. ಎಲ್ಲದರ ಕೊನೆಗೂ ‘ಬನ್ನಿ, ಕೈಜೋಡಿಸಿ’ ಎಂದಿತ್ತು. ಆ ಕರೆಯನ್ನು ನಿಜವೆಂದೇ ನಂಬಿ ಬೆಳೆದವಳು ನಾನು. ಬರಲು ಎರಡು ಶತಮಾನ ತಡವಾಯಿತು, ಅಷ್ಟೇ. ನನಗೀಗ ಹತ್ತೊಂಬತ್ತು ವರ್ಷ.

ಅದೇ ಟ್ರಂಕಿನಲ್ಲಿ ನಿಮ್ಮ ಹವ್ಯಾಸದ ಕೂಟವೊಂದು ಹಂಚಿದ ಹಾಳೆಯೂ ಇತ್ತು. ಭಾನುವಾರಗಳಂದು ಮೆಟಲ್ ಡಿಟೆಕ್ಟರ್ ಹಿಡಿದು ಬಯಲಿಗೆ ಹೋಗುವವರಿಗೆ ಸೂಚನೆಗಳು: ನೀರು ಒಯ್ಯಿರಿ, ತೋಡಿದ ಗುಂಡಿ ಮುಚ್ಚಿರಿ, ಜೂನ್ ತಿಂಗಳು ಉತ್ತಮ. ನಾವು ಆ ಯಂತ್ರವನ್ನು ಉಲಿಗೋಲು ಎನ್ನುತ್ತೇವೆ. ಒಂದು ಬಿದಿರುಗೋಲು, ಅದರ ತುದಿಗೆ ತಟ್ಟೆಯಷ್ಟು ಅಗಲದ ತಂತಿಯ ಸುರುಳಿ, ಹೆಗಲಿಗೆ ಬಿಸಿಲು ಕುಡಿಯುವ ಪುಟ್ಟ ಹಲಗೆ, ಕಿವಿಗೆ ಸೋರೆಬುರುಡೆಯ ಎರಡು ಚಿಪ್ಪು. ಲೋಹದ ಮೇಲೆ ಹಾಯ್ದರೆ ಚಿಪ್ಪಿನೊಳಗೆ ದನಿ ಬರುತ್ತದೆ. ಇದು ನಮಗೆ ದುಡಿಮೆಯಲ್ಲ, ಬಿಡುವಿನ ಆಟ. ಜೋಳ ಕೊಯ್ದು ಕೈ ಖಾಲಿಯಾದವರು ಮಧ್ಯಾಹ್ನ ಇಳಿದ ಮೇಲೆ ಸಾಲಾಗಿ ಹೋಗುತ್ತಾರೆ. ನಮ್ಮ ಹೊಲವೆಂದರೆ ನಿಮ್ಮ ಜಲಾಶಯದ ತಳ. ಅಣೆಕಟ್ಟು ತೆರೆದು ಹೊಳೆ ತನ್ನ ಹಳೆಯ ದಾರಿಗೆ ಮರಳಿದ ಮೇಲೆ ಉಳಿದ ಕಪ್ಪು ನೆಲ. ಅದರೊಳಗೆ ನೀವಿದ್ದೀರಿ. ಬೀಗದ ಕೈಗಳು, ಸೀಸೆಯ ಮುಚ್ಚಳಗಳು, ಎಲ್ಲಕ್ಕಿಂತ ಹೆಚ್ಚಾಗಿ ನಟ್ಟು ಬೋಲ್ಟುಗಳು. ಇಷ್ಟೊಂದನ್ನು ಯಾಕೆ ಬಿಗಿದಿರಿ, ಯಾಕೆ ಸಡಿಲಿಸಿದಿರಿ ಎಂದು ನಾವು ನಗುತ್ತೇವೆ. ಪ್ರೀತಿಯಿಂದಲೇ ನಗುತ್ತೇವೆ.

ನಿಮ್ಮ ಹಾಳೆಯ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಉತ್ತಮ ತಿಂಗಳು ಎಂಬುದಿಲ್ಲ. ನೆಲ ಒಂದೊಂದು ಕಾಲದಲ್ಲಿ ಒಂದೊಂದು ಬಗೆಯಲ್ಲಿ ಮಾತಾಡುತ್ತದೆ. ಮಳೆಗಳ ಹೆಸರು ನಮ್ಮಲ್ಲೂ ನಿಮ್ಮವೇ, ಮಳೆಗಳು ಮಾತ್ರ ಜಾಗ ಬದಲಿಸಿವೆ. ರೋಹಿಣಿ ಒಣಗಿ ಹೋಗುತ್ತದೆ, ಆರಿದ್ರಾಕ್ಕೆ ಮೊದಲ ಹನಿ. ಚಳಿಗಾಲದಲ್ಲಿ ಮಣ್ಣಿನ ತೇವ ಎಲ್ಲೆಡೆ ಒಂದೇ ಸಮ ಇರುತ್ತದೆ, ಕೋಲು ಶಾಂತವಾಗಿರುತ್ತದೆ, ಮಂಜು ಕರಗುವ ಹೊತ್ತಿಗೆ ನಡೆದರೆ ಗುಂಡುಸೂಜಿಯೂ ಪಿಸುಗುಟ್ಟುತ್ತದೆ. ಗಾಳಿಯ ತಿಂಗಳಲ್ಲಿ ಚಿಪ್ಪಿನೊಳಗೆ ಗಾಳಿಯೇ ತುಂಬಿ ಏನೂ ಕೇಳುವುದಿಲ್ಲ. ಆಗ ಹೋಗುವವರು ಹಾಡಲು ಹೋಗುತ್ತಾರೆ. ಆಮೇಲೆ ಬಿರುಕುಗಾಲ. ಕಪ್ಪು ನೆಲ ಬಾಯಿ ಬಿಡುತ್ತದೆ, ಬಿರುಕಿನೊಳಗೆ ತೋಳು ಇಳಿಸಬಹುದು. ಕೈಯಿಂದ ಜಾರಿದ್ದೆಲ್ಲ ಒಳಗೆ ಹೋಗುತ್ತದೆ. ಒಣಮಣ್ಣಿನಲ್ಲಿ ದನಿ ಆಳದಿಂದ ಬರುವುದಿಲ್ಲ, ಗೇಣು ದಾಟಿದರೆ ಮೌನ. ನಡುಹಗಲಲ್ಲಿ ಸುರುಳಿ ಕಾದು ಕೋಲು ತನ್ನಷ್ಟಕ್ಕೆ ಗುನುಗತೊಡಗುತ್ತದೆ. ಮೊದಲ ಮಳೆ ಬಿದ್ದ ಮರುದಿನ ಎಲ್ಲ ತಿರುವುಮುರುವು. ಹಸಿ ನೆಲದಲ್ಲಿ ಮೊಳದ ಆಳದ ದನಿಯೂ ಮೇಲೆ ಬರುತ್ತದೆ. ಆದರೆ ಸವಳು ಇರುವಲ್ಲಿ ಇಲ್ಲದ್ದೂ ಕೂಗುತ್ತದೆ, ತುಕ್ಕು ನೀರಿಗೆ ಬಿಟ್ಟುಕೊಂಡು ಸಣ್ಣ ಮೊಳೆಯೂ ದೊಡ್ಡದಾಗಿ ಅರಚುತ್ತದೆ. ದೂರದಲ್ಲಿ ಗುಡುಗಿದರೆ ಚಿಪ್ಪಿನಲ್ಲಿ ಹುರಿಗಡಲೆ ಸಿಡಿದಂತಾಗುತ್ತದೆ. ಆಗ ಕೋಲು ಮಲಗಿಸಿ ಮನೆಗೆ ಓಡಬೇಕು.

ನಮ್ಮಲ್ಲಿ ಎರಡು ಕಟ್ಟಳೆಗಳಿವೆ. ಒಂದು ಹಸಿನೋಂಪಿ. ಹಸಿ ಕಪ್ಪುಮಣ್ಣಿಗೆ ಗುದ್ದಲಿ ಹಾಕಿದರೆ ಅದು ಮುದ್ದೆಗಟ್ಟಿ ಇಟ್ಟಿಗೆಯಾಗುತ್ತದೆ, ಮೂರು ವರ್ಷ ಅಲ್ಲಿ ಬೇರು ಇಳಿಯುವುದಿಲ್ಲ. ಹಾಗಾಗಿ ಮಣ್ಣು ಹಿಮ್ಮಡಿಗೆ ಅಂಟುತ್ತಿರುವಷ್ಟು ದಿನ ಯಾರೂ ತೋಡಬಾರದು. ಇದನ್ನು ಕರಪತ್ರ ಬರೆದು ಮನೆಮನೆಗೆ ಹಂಚಿ ಊರನ್ನು ಒಪ್ಪಿಸಿದವಳು ನಾನೇ, ಹದಿನಾರನೆಯ ವಯಸ್ಸಿನಲ್ಲಿ. ಇನ್ನೊಂದು ಮೌನಗಲ್ಲು. ಒಂದು ತುಂಡು ನೆಲವನ್ನು ಪೂರ್ತಿ ಕೇಳಿ, ಇಲ್ಲಿ ಏನೂ ಇಲ್ಲ ಎಂದು ಖಚಿತವಾದರೆ ಸುಣ್ಣ ಬಳಿದ ಕಲ್ಲು ಇಡುತ್ತೇವೆ. ಹನ್ನೆರಡು ವರ್ಷ ಅಲ್ಲಿ ಯಾರೂ ಕೋಲು ಆಡಿಸುವಂತಿಲ್ಲ. ತುಳಿದು ತುಳಿದು ದಣಿದ ನೆಲಕ್ಕೂ ವಿಶ್ರಾಂತಿ ಬೇಕಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮಲ್ಲಿ ಮಗು ಹುಟ್ಟಿದ ನಲವತ್ತನೆಯ ದಿನ ಅದರ ಉಡದಾರಕ್ಕೆ ತಾಮ್ರದ ಹೆಸರುಬಿಲ್ಲೆ ಕಟ್ಟುತ್ತಾರೆ. ತೀರಿಕೊಂಡವರ ಬಿಲ್ಲೆ ಮನೆಯಲ್ಲಿ ಕಾಯುತ್ತದೆ. ಅದನ್ನು ಕಟ್ಟಿದರೆ ಮಾತ್ರ ಆ ಹೆಸರು ಮತ್ತೊಂದು ಮಗುವಿಗೆ ಸಲ್ಲುತ್ತದೆ. ನನ್ನ ನೆರೆಮನೆಯ ಮಾಬವ್ವ, ನಾನು ಚಿಗವ್ವ ಎಂದು ಕರೆಯುವವಳು, ಅವಳ ಕಿರಿಮಗಳು ಜೈತುನ್‌ಬಿ ಎಂಟು ವರ್ಷದವಳಿದ್ದಾಗ ಜ್ವರದಿಂದ ಹೋದಳು. ಅದಕ್ಕೂ ಹತ್ತು ದಿನ ಮೊದಲು ಆಟದಲ್ಲಿ ಅವಳ ಬಿಲ್ಲೆ ಬಿರುಕಿನೊಳಗೆ ಬಿದ್ದಿತ್ತು. ಮರುವರ್ಷದ ಬಿರುಕುಗಾಲದಲ್ಲಿ ಅದನ್ನು ಹುಡುಕಿಕೊಡು ಎಂದು ಮಾಬವ್ವ ನನ್ನನ್ನು ಕೇಳಿದಳು, ನಾನು ಹೋದೆ. ನೆತ್ತಿಯ ಮೇಲೆ ಸೂರ್ಯ. ಕಾದ ಕೋಲು ಗುನುಗುತ್ತಿತ್ತು. ಗುನುಗು ತಡೆಯಲಾರದೆ, ಸಣ್ಣ ದನಿ ಕೇಳದಂತೆ ಕೋಲಿನ ಕಿವಿ ತಗ್ಗಿಸುವ ಗುಂಡಿ ತಿರುಗಿಸಿದೆ. ಮೌನ. ಅದನ್ನು ನೆಲದ ಮೌನವೆಂದು ತಿಳಿದು, ಅಲ್ಲೇ ಕಲ್ಲು ಇಟ್ಟೆ. ಯಂಕಪ್ಪ ಕಾಕಾ, ಊರಲ್ಲಿ ಎಲ್ಲರಿಗಿಂತ ಮೊದಲಿನಿಂದ ಕೋಲು ಹಿಡಿದವನು, ಬೇವಿನ ನೆರಳಲ್ಲಿ ಕೂತು ಕೂಗಿದ, “ಏನವಾ ನೀಲಗಂಗಾ, ನಿನ್ನ ಪತ್ರಿಕ್ಯಾಗ ಬಿಸಲ ಬರದಿಲ್ಲೇನು? ಈ ಕಾವಿನ್ಯಾಗ ಕಲ್ಲ ಇಡಾಕಿ ನೀನೊಬ್ಬಾಕೀನ ನೋಡು.” ನಾನು ತಿರುಗಿ ಅಂದೆ, “ಕಾಕಾ, ನೆಳ್ಳಾಗ ಕುಂತಾಂವಗ ಕಾವಿನ ಮಾತ ಯಾಕ?” ಎಲ್ಲರೂ ನಕ್ಕರು. ಗೆದ್ದೆ ಎಂದುಕೊಂಡೆ.

ಅದಕ್ಕೀಗ ಮೂರು ವರ್ಷ. ಈ ಬಿರುಕುಗಾಲದ ಕೊನೆಗೆ ಮಾಬವ್ವನ ಹಿರಿಮಗಳು ರಜ್ಮಾಗೆ ಹೆಣ್ಣು ಕೂಸು ಹುಟ್ಟಿತು. ಕೂಸಿಗೆ ಇಪ್ಪತ್ತೈದು ದಿನವಾದಾಗ ಮೊದಲ ಮಳೆ ಬಿತ್ತು. ಮರುದಿನ ಬೆಳಗ್ಗೆ ಮಾಬವ್ವ ಬಂದು ನಮ್ಮ ಕಟ್ಟೆಯ ಮೇಲೆ ಕೂತಳು. “ಒಮ್ಮಿ ಹಸಿಯೊಳಗ ಕೇಳ್ತೀಯೇನ ತಂಗಿ? ಇಲ್ಲಂದ್ರ ಇಲ್ಲ ಅನ್ನು. ನಾ ಏನೂ ಅನ್ನಂಗಿಲ್ಲ.” ಕಲ್ಲು ಇಟ್ಟಾಗಿದೆ ಚಿಗವ್ವ, ಇನ್ನೂ ಒಂಬತ್ತು ವರ್ಷ ಅಂದೆ. ಅವಳು ತಲೆ ಆಡಿಸಿ ಎದ್ದು ಹೋದಳು. ಜಗಳ ಆಡಿದ್ದರೆ ನಾನು ಗಟ್ಟಿಯಾಗಿ ನಿಲ್ಲುತ್ತಿದ್ದೆ. ಅವಳು ನನ್ನ ಮಾತನ್ನು ನಂಬಿ ಹೋದಳು, ಅದನ್ನು ತಡೆದುಕೊಳ್ಳಲಾಗಲಿಲ್ಲ. ಆ ದಿನದ ಗುನುಗು, ಗುಂಡಿ ತಿರುಗಿಸಿದ ನನ್ನ ಬೆರಳು, ಎಲ್ಲ ನೆನಪಾಯಿತು. ರಾಶಿ ಮಾಡುವ ಕಣದಲ್ಲಿ ಜನ ಸೇರಿದ್ದರು. ಅಲ್ಲಿಗೆ ಹೋಗಿ ಹೇಳಿದೆ: ಆ ಕಲ್ಲು ಸುಳ್ಳು, ನಾನು ಕೇಳಿದ್ದು ನೆಲವನ್ನಲ್ಲ, ನನ್ನ ಕೋಲಿನ ಕಿವಿಯನ್ನೇ ಮುಚ್ಚಿ ಕೇಳಿದೆ. ಯಂಕಪ್ಪ ಕಾಕಾ ನಗುತ್ತಾನೆ ಎಂದು ಕಾದೆ. ಅವನು ಎದ್ದು ನನ್ನ ಜೊತೆ ಬಂದು, ಕಲ್ಲಿನ ಇನ್ನೊಂದು ಬದಿಗೆ ಕೈ ಹಚ್ಚಿದ.

ಕಲ್ಲು ಸರಿಸಿ ಕೋಲು ಆಡಿಸಿದೆ. ಮೂರನೆಯ ಸುತ್ತಿಗೆ ದನಿ ಬಂತು, ಆಳದಿಂದ, ಮೆತ್ತಗೆ, ಹೋಗುವಾಗಲೂ ಬರುವಾಗಲೂ ಒಂದೇ ಜಾಗದಲ್ಲಿ. ನಮ್ಮ ಹಿಂದೆಯೇ ಬಂದಿದ್ದ ಮಾಬವ್ವನ ಕಿವಿಗೆ ಚಿಪ್ಪು ಇಟ್ಟೆ. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. ನಾನು ಗುದ್ದಲಿ ತರಲು ಓಡುತ್ತಿದ್ದೆ. ಹೌದು, ಹಸಿನೋಂಪಿ ಬರೆದ ನಾನೇ. ಮಣ್ಣು ಒಣಗಿದರೆ ದನಿ ಹೋಗುತ್ತದೆ; ಇನ್ನೆರಡು ಮಳೆ ಬಿದ್ದರೆ ಉಬ್ಬುವ ಮಣ್ಣು ಬಿಲ್ಲೆಯನ್ನು ಎತ್ತಲೋ ಎಳೆದುಕೊಂಡು ಹೋಗುತ್ತದೆ. ಮಾಬವ್ವ ನನ್ನ ಸೆರಗು ಹಿಡಿದು ನಿಲ್ಲಿಸಿದಳು. “ಬ್ಯಾಡ. ನನ್ನ ಮಗಳ ಸಲವಾಗಿ ನೆಲಾ ಕೆಟ್ಟಿತು ಅನಿಸಬ್ಯಾಡ. ಅಲ್ಲಿ ನಾಳೆ ಆ ಕೂಸ ಜ್ವಾಳಾ ಬಿತ್ತೂದೈತಿ.”

ಹಾಗಾದರೆ ಒಣಗಿಸಿಯೇ ತೋಡಬೇಕು, ಕೂಸಿಗೆ ನಲವತ್ತು ದಿನವಾಗುವ ಮೊದಲು, ಹದಿಮೂರು ದಿನದೊಳಗೆ. ದನಿ ಬಂದಲ್ಲಿ ಗೂಟ ಹೊಡೆದೆವು. ಮೇಲೆ ಜೋಳದ ದಂಟಿನ ಚಪ್ಪರ ಹಾಕಿ, ಸುತ್ತ ನೀರು ಬಾರದಂತೆ ಮಣ್ಣಿನ ಒಡ್ಡು ಕಟ್ಟಿದೆವು. ಬಿಸಿಲು ಬಂದಾಗ ಚಪ್ಪರ ತೆರೆಯಬೇಕು, ಮೋಡ ಕಂಡರೆ ಮುಚ್ಚಬೇಕು. ಸರದಿಯ ಮೇಲೆ ಕೂತೆವು. ಕಾವಲು ಕೂತವರಿಗೆ ಊರಿನ ಬೇರೆ ಬೇರೆ ಮನೆಗಳಿಂದ ರೊಟ್ಟಿ, ಪುಂಡಿಪಲ್ಯ ಬಂತು. ಎರಡು ಸಲ ಮಳೆ ಹೊಡೆಯಿತು. ಎರಡನೆಯ ಸಲ ಚಪ್ಪರದ ಒಂದು ಮೂಲೆ ಹಾರಿಹೋಗಿ, ಐದು ಹೆಂಗಸರು ಕೌದಿಯ ನಾಲ್ಕು ತುದಿ ಹಿಡಿದು ಗೂಟದ ಮೇಲೆ ನಿಂತರು. ಐದನೆಯವಳು ಯಾಕೆ ಎಂದರೆ, ಉಳಿದ ನಾಲ್ವರನ್ನು ಬೈಯಲು. “ಎತ್ತೂ ನಿನ್ನ, ಕೈಯಾಗ ಜೀವಿಲ್ಲೇನು? ಗಂಡಗ ಬಡಿಯೂ ಮುಂದ ಬರತೈತಲ್ಲ!” ಮಳೆಯಲ್ಲಿ ನಗುತ್ತ ನಿಂತ ಆ ಹೆಂಗಸರನ್ನು ನಿಮಗೆ ತೋರಿಸಬೇಕಿತ್ತು ಅನಿಸುತ್ತದೆ. ನಾನು ಹಂಚಿದ ಇನ್ನೂರು ಕರಪತ್ರಗಳು ಕೇಳಿದ್ದು ಇದನ್ನೇ.

ದಿನವೂ ಬೆಳಗ್ಗೆ ಯಂಕಪ್ಪ ಕಾಕಾ ಬರಿಗಾಲಲ್ಲಿ ಹಿಮ್ಮಡಿ ಊರಿ, ಎತ್ತಿ ನೋಡಿ, “ಇನ್ನಾ ಅಂಟತೈತಿ” ಅನ್ನುತ್ತಿದ್ದ. ಹತ್ತನೆಯ ದಿನಕ್ಕೆ ಕೋಲಿನ ದನಿ ಪೂರ್ತಿ ನಿಂತಿತು. ಉಳಿದದ್ದು ಗೂಟ, ಮತ್ತು ಮಾಬವ್ವ, ನಾನು ಇಬ್ಬರೂ ಕೇಳಿದ್ದೆವು ಎಂಬ ನೆನಪು. ಮೊದಲ ಮಳೆಯ ಹದಿಮೂರನೆಯ ಬೆಳಗ್ಗೆ, ಎಂದರೆ ಮೊನ್ನೆ, ಕಾಕಾನ ಹಿಮ್ಮಡಿ ಸ್ವಚ್ಛವಾಗಿ ಮೇಲೆ ಬಂತು. ತೋಡಿದೆ. ಗೇಣು ಆಳಕ್ಕೆ ತುಕ್ಕು ಹಿಡಿದ ಬೋಲ್ಟು ಸಿಕ್ಕಿತು. ನಿಮ್ಮದು. ನನ್ನ ಕೈ ನಿಂತಿತು. ಹಸಿಯಲ್ಲಿ ಕೂಗಿದ್ದು ಇದೇ ಇರಬಹುದು, ನಾನು ಎರಡನೆಯ ಸಲವೂ ತಪ್ಪು ಕೇಳಿರಬಹುದು. ಮಾಬವ್ವ ಗುಂಡಿಯ ಅಂಚಿಗೆ ಕೂತು ತನ್ನ ಕೈಯನ್ನೇ ಇಳಿಸಿ, ಬೆರಳಲ್ಲಿ ಮಣ್ಣು ಬಿಡಿಸತೊಡಗಿದಳು. ನಾಲ್ಕು ಬೆರಳು ಕೆಳಗೆ ಅವಳ ಕೈ ನಿಂತಿತು.

ಬಿಲ್ಲೆ ಹಸಿರುಗಟ್ಟಿತ್ತು. ಸೆರಗಿನಿಂದ ಒರೆಸಿ, ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ಹೆಸರು ಓದಲು ಬರುತ್ತಿತ್ತು. ಅಳುತ್ತಾಳೆ ಎಂದುಕೊಂಡೆವು. ಅವಳು ನನ್ನ ಕಡೆ ಕೈ ಚಾಚಿ, “ನೋಡವಾ, ಎಷ್ಟ ಸಣ್ಣದೈತಿ,” ಅಂದಳು. “ಇಷ್ಟ ಸಣ್ಣದು ಕಳದಳಂತ ನಾ ಆಕೀಗೆ ಹೊಡದಿದ್ದೆ.”

ಅದನ್ನು ಅವಳು ಈ ನಾಲ್ಕು ವರ್ಷ ಯಾರಿಗೂ ಹೇಳಿರಲಿಲ್ಲ. ಅವಳು ಹುಡುಕುತ್ತಿದ್ದದ್ದು ಹೆಸರನ್ನಲ್ಲ ಎಂದು ನನಗೆ ಆಗ ತಿಳಿಯಿತು. ನಾಳೆ ಕೂಸಿಗೆ ನಲವತ್ತು ದಿನ. ಬಿಲ್ಲೆ ಕಟ್ಟುವುದು ಬೇಡ ಎಂದು ಮಾಬವ್ವ, ಬೇಕು ಎಂದು ರಜ್ಮಾ ನಿನ್ನೆಯಿಡೀ ವಾದಿಸಿ, ಕೊನೆಗೆ ಮಗಳು ಗೆದ್ದಳು. “ಯವ್ವಾ, ಈಕೀನೂ ಕಳೀಲಿ. ಬೈಬ್ಯಾಡ, ಆತು,” ಅಂದಳಂತೆ.

ಹಿರಿಯರೇ, ನಿಮ್ಮಲ್ಲಿ ಒಂದು ಬೇಡಿಕೆ. ನೀವು ಬಯಲಿನಲ್ಲಿ ನಡೆದು, ಏನೂ ಸಿಗದೆ, ಇಲ್ಲಿ ಏನೂ ಇಲ್ಲ ಎಂದು ಪುಸ್ತಕದಲ್ಲಿ ಬರೆಯುತ್ತೀರಿ. ಬರೆಯಿರಿ. ಅದರ ಪಕ್ಕದಲ್ಲಿ ಇದನ್ನೂ ಬರೆಯಿರಿ: ಆಗ ಯಾವ ಮಳೆ ಮುಗಿದಿತ್ತು, ಮಣ್ಣು ಒಣಗಿತ್ತೋ ಹಸಿಯಿತ್ತೋ, ಸೂರ್ಯ ಎಲ್ಲಿದ್ದ, ನಿಮಗೆ ಎಷ್ಟು ದಣಿವಾಗಿತ್ತು. ನಿಮ್ಮ ‘ಇಲ್ಲ’ ಎಂಬ ಮಾತನ್ನು ನಂಬಿ ಸುಮ್ಮನೆ ಎದ್ದು ಹೋಗುವವರು ಮುಂದೆ ಯಾರಾದರೂ ಇರುತ್ತಾರೆ. ಅವರು ಇನ್ನೊಂದು ಋತುವಿನಲ್ಲಿ ಬಂದು ಮತ್ತೊಮ್ಮೆ ಕೇಳಲು ದಾರಿ ಇರಲಿ.

ನನ್ನ ಉಳಿದ ನಲವತ್ತು ಕಲ್ಲುಗಳಿಗೂ ನಾಳಿದ್ದಿನಿಂದ ಹೋಗುತ್ತೇನೆ, ಪ್ರತಿಯೊಂದರ ಮೇಲೂ ನಾನು ನೆಲ ಕೇಳಿದ ಕಾಲ ಬರೆಯಲು. ನೆನಪಿಲ್ಲದವನ್ನು ಎತ್ತಿಬಿಡುತ್ತೇನೆ. ಮೋಡ ಕವಿಯುತ್ತಿದೆ, ಹೊರಗಿಟ್ಟ ಕೋಲು ಒಳಗೆ ತರಬೇಕು. ನಿಮ್ಮ ನೆಲ ತಂಪಾಗಿರಲಿ.

ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಊರಿನವಳು,
ನೀಲಗಂಗಾ