ಮಾತ್ರೆ ಎಲ್ಲಿಗೆಂದು ಹೇಳದ ಕಿಟಕಿ

ಮಾನ್ಯ ವೈದ್ಯಾಧಿಕಾರಿಗಳೇ,

ನಿಮ್ಮ ಶಿಬಿರದ ಕಿಟಕಿಯಲ್ಲಿ ಕೊಟ್ಟ ಆರು ಮಾತ್ರೆಗಳನ್ನು ನನ್ನ ಸೊಸೆ ಅರ್ಚನ ನುಂಗಿದಳು. ಅವು ನುಂಗುವ ಮಾತ್ರೆಗಳಲ್ಲ. ಅದನ್ನು ಹೇಳುವ ಬಾಯಿ ನಿಮ್ಮವರಲ್ಲಿ ಒಬ್ಬರಿಗೂ ಇರಲಿಲ್ಲ. ಆ ಒಂದು ಮಾತಿಲ್ಲದೆ ನನ್ನ ಮನೆ ಒಡೆಯಿತು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಸುತ್ತಿ ಬಳಸಿ ಬರೆಯಲು ಬಾರದು. ಓದುವ ಗಂಡಸರಿಗೆ ಮುಜುಗರವಾದರೆ ಆಗಲಿ.

ಹೋದ ಆಷಾಢದಲ್ಲಿ ನಿಮ್ಮ ಜೀಪು ಮೈಕು ಹಾಕಿಕೊಂಡು ತಿಗನಾರೆಯ ಬೀದಿ ಬೀದಿ ಸುತ್ತಿತು. "ನಾಚಿಕೆ ಬೇಡ, ಹೆಂಗಸರ ಕಾಯಿಲೆ ಮುಚ್ಚಿಡಬೇಡಿ." ನಂಬಿದೆ. ಟೈಫಾಯ್ಡಿಗೆ ಹತ್ತು ದಿನ ಔಷಧಿ ತಿಂದ ಮೇಲೆ ಅರ್ಚನಳಿಗೆ ಕೆಳಗೆ ತಾಳಲಾರದ ತುರಿಕೆ, ಉಚ್ಚೆ ಹೊಯ್ದರೆ ಉರಿ, ಒಡೆದ ಹಾಲಿನಂತೆ ಬಿಳಿ ಹೋಗುವುದು. ಅರಿಸಿನದ ಹೊಲದಲ್ಲಿ ಕಳೆ ಕೀಳಲು ಕುಕ್ಕರುಗಾಲಿನಲ್ಲಿ ಕೂರಲಾರಳು. ನಾನೇ ಕೈಹಿಡಿದು ಶಿಬಿರವಿದ್ದ ಶಾಲೆಯ ಜಗುಲಿಗೆ ಕರೆತಂದೆ. ಡಾಕ್ಟರಮ್ಮ ಒಳ್ಳೆಯವರು. ಪರದೆಯ ಹಿಂದೆ ನೋಡಿ, ರೊಟ್ಟಿಗೆ ಬೂಷ್ಟು ಹಿಡಿದ ಹಾಗೆ ಇದು, ಕೆಟ್ಟ ಕಾಯಿಲೆಯಲ್ಲ, ಆರು ದಿನದಲ್ಲಿ ವಾಸಿ ಎಂದು ಚೀಟಿ ಬರೆದರು. ಮಾತ್ರೆಯ ಕಿಟಕಿಯಲ್ಲಿದ್ದ ನಿಮ್ಮ ನೌಕರ ಗೋಡೆ ನೋಡಿಕೊಂಡು, "ಮಲಗುವಾಗ ಒಂದು" ಎಂದ. ಎಲ್ಲಿಗೆ ಎನ್ನಲಿಲ್ಲ. ಪೆಟ್ಟಿಗೆಯ ಮೇಲೆ ಬರೆದಿರುತ್ತದಂತೆ. ಆ ಪೆಟ್ಟಿಗೆ ಅವನ ಹತ್ತಿರವೇ ಉಳಿಯಿತು, ನಮಗೆ ಬಂದದ್ದು ಕತ್ತರಿಯಲ್ಲಿ ತುಂಡು ಮಾಡಿದ ಪಟ್ಟಿ. ನಾಚಿಕೆ ಬಿಡಿ ಎಂದು ನಮಗೆ ಹೇಳಿ, ಇಡೀ ಊರಿನ ನಾಚಿಕೆಯನ್ನು ನೀವೇ ಇಟ್ಟುಕೊಂಡಿರಾ?

ಮಾತ್ರೆ ಎಂದರೆ ಬಾಯಿಗೆ. ಬೇರೆ ದಾರಿ ನಮಗೇನು ಗೊತ್ತು? ಆರು ದಿನವೂ ಚೊಂಬು ಹಿಡಿದು ಎದುರು ನಿಂತು ನಾನೇ ನುಂಗಿಸಿದೆ. ಹೊಟ್ಟೆ ತೊಳಸಿತು, ತುರಿಕೆ ಹೆಚ್ಚಿತು. ಸರ್ಕಾರದ ಔಷಧಿಗೂ ಬಗ್ಗದ ಕಾಯಿಲೆ ಎಂದರೆ ಅದು ಎಂಥದ್ದು? ನನ್ನ ತಲೆ ಕೆಟ್ಟಿತು. ಬೀದಿ ನಲ್ಲಿಯ ಮುಂದೆ, ನಾಲ್ಕು ಜನರ ಎದುರಿಗೇ ಕೇಳಿಬಿಟ್ಟೆ:

"ಯಾರ್ ತಾವಿಂದ ತಂದ್ಯಮ್ಮಿ ಇದ?"

"ಅತ್ತೆ, ಆ ಡಾಕ್ಟ್ರಮ್ಮ ಏಳುದ್ದ ನೀವೂ ಕೇಳುದ್ರಲ್ಲ!"

"ಅವ್ರು ಏಳುದ್ದು ಆರು ದಿನ ಕಣಮ್ಮಿ. ಇವತ್ತಿಗೆ ಇಪ್ಪತ್ತು."

ಪಕ್ಕದಲ್ಲೇ ಇದ್ದ ಅವಳ ಗಂಡ, ನನ್ನ ಮಗ ಮನೋಹರ, ಹೊಲದ ಕಡೆಗೆ ಹೊರಟುಹೋದ. ಅವಳು ಬಿಂದಿಗೆಯನ್ನು ಅಲ್ಲೇ ಬಿಟ್ಟು ದೊಡ್ಡಗಾಜನೂರಿನ ತವರಿಗೆ ನಡೆದಳು.

ಎರಡು ತಿಂಗಳಿಗೆ ಅದೇ ತುರಿಕೆ, ಅದೇ ಬಿಳಿ ನನಗೆ ಬಂತು. ನನಗೆ ಅರವತ್ತಮೂರು. ಗಂಡ ತೀರಿಕೊಂಡು ಹನ್ನೆರಡು ವರ್ಷ. ನಾನು ಯಾರಿಂದ ತಂದೆ, ಸ್ವಾಮಿ? ತಾಳವಾಡಿ ಆಸ್ಪತ್ರೆಗೆ ಹೋಗಿ ನರ್ಸು ಬೊಮ್ಮಮ್ಮನ ಮುಂದೆ ಕೂತೆ. ನಿಮ್ಮಂಥ ಸಕ್ಕರೆ ಕಾಯಿಲೆಯವರಿಗೆ ಇದು ಬರುತ್ತದೆ ಎಂದು ಅದೇ ಮಾತ್ರೆ ತೆಗೆದಳು. ಇದರಿಂದ ಏನೂ ಆಗದು, ಸೊಸೆಗೆ ನುಂಗಿಸಿ ನೋಡಿದ್ದೇನೆ ಎಂದೆ.

"ನುಂಗ್ಸುಬುಟ್ರಾ? ಅಯ್ಯೋ, ಬಾಯ್ಗಲ್ಲ ಕಣಕ್ಕ ಅದು! ಮನಿಕೊಳವಾಗ ಮಕ್ಳು ಉಟ್ಟೋ ದಾರೀಲಿ ಒಳಕ್ಕ ಇಟ್ಕಳದು."

"ಇದ್ನ ಅವತ್ತೇ ಯಾಕವ್ವ ಏಳ್ನಿಲ್ಲ ಆ ಮೂದೇವಿ?"

"ಗಂಡಸು. ಎಂಗೇಳಾನು?"

ಆರು ದಿನ ಇಟ್ಟುಕೊಂಡೆ, ವಾಸಿಯಾಯಿತು. ಮಾರನೆಯ ದಿನವೇ ದೊಡ್ಡಗಾಜನೂರಿಗೆ ಹೋದೆ. ಅರ್ಚನಳಿಗೂ ತವರಿನವರು ಸರಿಯಾಗಿ ಔಷಧಿ ಕೊಡಿಸಿ ಗುಣವಾಗಿತ್ತು. ತಪ್ಪಾಯ್ತು ಕಣವ್ವ ಎಂದೆ. ಹೊಸ್ತಿಲಲ್ಲಿ ನಿಂತೇ ಹೇಳಿದಳು: "ನಲ್ಲಿ ಮುಂದ ಅಂದ ಮಾತ ನನ್ ಕಿವೀಲಿ ವಾಪಸ್ ತಕಂದ್ರೆ ಆದ್ದಾ ಅತ್ತೆ? ಎಲ್ರೂ ಕೇಳಂಗೆ ಏಳ್ಸಿ, ಬತ್ತೀನಿ."

ನ್ಯಾಯದ ಮಾತು. ಆದರೆ ನಾನೊಬ್ಬಳೇ ಹೇಳಿದರೆ ಊರು ನಂಬುವುದಿಲ್ಲ, ಸೊಸೆಯನ್ನು ಕರೆಸಿಕೊಳ್ಳಲು ಮುದುಕಿ ಕಥೆ ಕಟ್ಟುತ್ತಾಳೆ ಎನ್ನುತ್ತದೆ. ಮೈಕು ನಿಮ್ಮದು. ಅದೇ ಜೀಪಿನಲ್ಲಿ ಬನ್ನಿ, ಅದೇ ಬೀದಿಗಳಲ್ಲಿ ಕೂಗಿ: ಇದು ಮಾನಗೆಟ್ಟವರ ಕಾಯಿಲೆಯಲ್ಲ, ಮಾತ್ರೆ ಇಡುವುದು ಇಂಥ ಕಡೆ, ಹೇಳದೆ ಕೊಟ್ಟದ್ದು ನಮ್ಮ ತಪ್ಪು. ಮುಂದಿನ ಶಿಬಿರದ ಕಿಟಕಿಯಲ್ಲಿ ಹೆಂಗಸೊಬ್ಬಳನ್ನು ಕೂರಿಸಿ. ಜೀಪು ನಲ್ಲಿಯ ಹತ್ತಿರ ಬಂದಾಗ ಮೈಕನ್ನು ನನ್ನ ಕೈಗೂ ಕೊಡಿ. ಅಲ್ಲಿ ನಾನು ಆಡಿದ್ದನ್ನು ನಾನೇ ಹಿಂದಕ್ಕೆ ತೆಗೆದುಕೊಳ್ಳಬೇಕು.

ಇಂತಿ,
ಚೊಂಬು ಹಿಡಿದು ನಿಂತು ಆರೂ ಮಾತ್ರೆ ನುಂಗಿಸಿದ ಅತ್ತೆ,
ಪುಟ್ಟಮಾದಮ್ಮ
ತಿಗನಾರೆ, ನವೆಂಬರ್ 2006