ಹಳೆಯ ಗುಡಿಯ ಜವಳ

ಹೊಸ ಊರು, ಬೀಳಗಿ ತಾಲೂಕು
೪ ಮೇ ೨೦೦೬

ಚಿ. ಸೌ. ಭಾಗ್ಯಾಳಿಗೆ,

ನಿನ್ನ ಅತ್ತೆ ಹೊಳೆವ್ವನ ಆಶೀರ್ವಾದ. ಪತ್ರದಲ್ಲಿ ಮೊದಲು ಎಲ್ಲರೂ ಕ್ಷೇಮವೆಂದು ಬರೆಯಬೇಕಂತೆ. ನಿನ್ನ ಮಾವನ ಮೊಣಕಾಲು ಕ್ಷೇಮವಿಲ್ಲ, ಎಮ್ಮೆಯೂ ಕ್ಷೇಮವಿಲ್ಲ, ನನ್ನ ನಾಲಗೆ ಮಾತ್ರ ಗಟ್ಟಿಮುಟ್ಟಾಗಿದೆ. ನಿನ್ನ ಕಾಗದಕ್ಕೆ ಉತ್ತರ ಬರೆಯಲು ತಡವಾಯಿತು, ಸಿಟ್ಟಾಗಬೇಡ. ಶಾವಿಗೆ ಹೊಸೆಯುವುದು, ಸಂಡಿಗೆ ಇಡುವುದು, ಖಾರ ಕುಟ್ಟುವುದು ಎಲ್ಲ ಒಂದೇ ಸಲ ತಲೆಯ ಮೇಲೆ ಬಂದವು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯೇನೋ. ಮಹಾಲಿಂಗಪುರದ ನಿಮ್ಮ ಮನೆಯಲ್ಲಿ ಫೋನ್ ಎತ್ತುವವನು ನಿನ್ನಪ್ಪ. ನನ್ನ ಅಣ್ಣನೇ ಆದರೂ ಹೇಳುತ್ತೇನೆ, ಇಟ್ಟ ಮೇಲೆ ಓಣಿಗೆಲ್ಲ ಸುದ್ದಿ ಹಂಚುವವನೂ ಅವನೇ. ಏಳನೇ ಇಯತ್ತೆಯವರೆಗೆ ಕಲಿತದ್ದು ಇಂಥದ್ದಕ್ಕಾದರೂ ಬರಲಿ ಎಂದು ಬರೆಯಲು ಕೂತಿದ್ದೇನೆ.

ಕೂಸು ದುರಗೇಶ ಹೇಗಿದ್ದಾನೆ? ಐದು ತಿಂಗಳಿಗೆ ಕಳಿಸುತ್ತೇನೆ ಎಂದ ನಿನ್ನಪ್ಪ ಇನ್ನೂ ಬಿಟ್ಟುಕೊಟ್ಟಿಲ್ಲ. ಮೊಮ್ಮಗ ಅವನೊಬ್ಬನದೇ ಏನು? ಕೂದಲು ಕಣ್ಣಿಗೆ ಬೀಳುತ್ತಿದೆ ಎಂದು ಬರೆದಿದ್ದೆ. ಜುಟ್ಟು ಕಟ್ಟು, ಕತ್ತರಿ ಮಾತ್ರ ತಾಗಿಸಬೇಡ. ಅದು ನಮ್ಮ ಮನೆದೇವರು ಬೀರಪ್ಪನಿಗೆ ಸಲ್ಲುವ ಮೊದಲ ಕೂದಲು.

ನಾನು ಬರೆಯಬೇಕಾದದ್ದೂ ಅದನ್ನೇ. ನಿನ್ನ ಗಂಡ ಬರುವ ಅಮವಾಸ್ಯೆಗೆ ಜವಳ ಗೊತ್ತುಮಾಡಿದ್ದಾನೆ, ಹೊಸ ಊರಿನ ಹೊಸ ಗುಡಿಯಲ್ಲಿ. ನಾನು ಹಳೆಯ ಗುಡಿಯಲ್ಲಿಯೇ ಆಗಬೇಕು ಎಂದೆ. ನೀನು ಮದುವೆಯಾಗಿ ಬರುವಷ್ಟರಲ್ಲಿ ಹಳೆಯ ಊರು ಎದ್ದು ಬಂದಿತ್ತು, ಚಿಕ್ಕವಳಿದ್ದಾಗ ನಿನ್ನಪ್ಪನ ಜೊತೆ ಬಂದದ್ದು ನಿನಗೆ ನೆನಪಿರಲಿಕ್ಕಿಲ್ಲ. ವರ್ಷವೆಲ್ಲ ಆ ಗುಡಿ ಡ್ಯಾಮಿನ ಹಿನ್ನೀರಿನಲ್ಲಿರುತ್ತದೆ. ಬೇಸಿಗೆಯ ಕೊನೆಗೆ ನೀರು ಇಳಿದಾಗ ಹೊರಗೆ ಕಾಣುತ್ತದೆ, ಮಳೆ ಹಿಡಿದರೆ ಮತ್ತೆ ಒಳಗೆ. ಈಗ ತಪ್ಪಿದರೆ ಮುಂದಿನ ವರ್ಷವೇ.

ಮಹಾಲಿಂಗ ಕೇಳಬೇಕಲ್ಲ! “ಯವ್ವಾ, ಅಲ್ಲಿ ಮೊಣಕಾಲಮಟ ರಾಡಿ ಐತಿ. ಕೂಸಿಗೆ ಜ್ವರಾ ಬಂದ್ರ ಬೀರಪ್ಪ ದವಾಖಾನಿಗೆ ಬರ್ತಾನೇನು? ಹೊಸಾ ಗುಡಿಯಾಗ ನೆರಳೈತಿ, ನಳಾ ಐತಿ, ಮಂದಿ ಕೂಡಾಕ ಜಾಗಾ ಐತಿ” ಎಂದ. ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಕೂತು ಕೂತು ಅವನಿಗೆ ದೇವರಿಗಿಂತ ನೆರಳು ದೊಡ್ಡದಾಗಿದೆ. ನಿನ್ನ ಮಾವನ ಕಡೆ ನೋಡಿದೆ. ನ್ಯಾಯ ಹೇಳುವ ಹೊತ್ತಿಗೆ ಸರಿಯಾಗಿ ಅವರು ಎಮ್ಮೆಗೆ ನೀರು ಕುಡಿಸಲು ಎದ್ದು ಹೋದರು.

ಕೊನೆಗೆ ಪೂಜಾರಿ ರಾಚಪ್ಪನನ್ನೇ ಕರೆಸಿದೆವು. ಅವನೂ ಮಗನ ಕಡೆಯೇ ಮಾತಾಡಿದ. “ಹೊಳೆವ್ವಾ, ಊರು ಬಿಡೂ ಮುಂದ ದೇವರ ಶಕ್ತಿನ್ನ ಕೊಡದ ನೀರಿನ್ಯಾಗ ಇಳಿಸಿಕೊಂಡು ಬಂದು ಹೊಸಾ ಕಲ್ಲಿಗೆ ತುಂಬೀವಿ. ನೀನೂ ಡೊಳ್ಳಿನ ಹಿಂದ ಬಂದೀಯಲ್ಲ? ಅಲ್ಲಿ ಈಗ ಇರೂದು ಬರೇ ಕಲ್ಲು.”

“ಬರೇ ಕಲ್ಲಾದ್ರ ನೀ ವರ್ಷಾ ಯಾಕ ಹೋಗಿ ಅದಕ್ಕ ಅರಿಷಿಣದ ಭಂಡಾರಾ ಹಚ್ಚತೀ?” ಎಂದು ಕೇಳಿದೆ.

ರಾಚಪ್ಪ ರುಮಾಲು ತೆಗೆದು ತಲೆ ಕೆರೆದುಕೊಂಡ. “ಏ, ಬಿಡಬೇ ತಂಗಿ. ಅಷ್ಟ ವರ್ಷ ಅದರ ಮೈ ತೊಳದೇನಿ. ಬಿಟ್ಟಿರಾಕ ಮನಸ ಒಲ್ಲದು” ಎಂದ. ಪಾಪ, ಅವನ ಬಾಯಿಂದ ಖರೆ ಮಾತು ಬಂತು.

ಕಳೆದ ಶ್ರಾವಣದಲ್ಲಿ ಪ್ರವಚನಕ್ಕೆ ಬಂದ ಸ್ವಾಮಿಗಳೂ ಇದನ್ನೇ ಬೇರೆ ರೀತಿ ಹೇಳಿದ್ದರು. ಗಡಿಗೆಯ ಒಳಗೂ ಬಯಲು, ಹೊರಗೂ ಬಯಲು. ಗಡಿಗೆ ಒಡೆದರೆ ಬಯಲಿಗೆ ಏನೂ ಆಗುವುದಿಲ್ಲ. ಹಾಗೆಯೇ ಗುಡಿ ಮುಳುಗಿದರೆ ದೇವರು ಮುಳುಗುವುದಿಲ್ಲ ಅಂದರು. ಎಷ್ಟು ಛಲೋ ಮಾತು! ನಾನೂ ತಲೆದೂಗಿದೆ. ಮನೆಗೆ ಬಂದು ಒಲೆ ಹಚ್ಚುವಾಗ ಅನಿಸಿತು, ಗಡಿಗೆ ಒಡೆದುಕೊಂಡವಳಿಗೆ ಬಯಲಿನ ಚಿಂತೆ ಎಲ್ಲಿಯದು, ಅವಳಿಗೆ ಗಡಿಗೆಯದೇ ಚಿಂತೆ. ಈ ಮಾತನ್ನು ಅವರ ಮುಂದೆ ಆಡಲಿಲ್ಲ, ಅಷ್ಟು ಬುದ್ಧಿ ನನಗಿದೆ.

ಮೊನ್ನೆ ಸೋಮವಾರ ನೆರೆಮನೆಯ ಕೆಂಪವ್ವನನ್ನು ಕರೆದುಕೊಂಡು ನೋಡಿಯೇ ಬಂದೆ. ಹಳೆಯ ಊರಿನ ಗಡಿಯ ಊರಗಲ್ಲಿನತನಕ ಟಂಟಂ ಗಾಡಿಯಲ್ಲಿ, ಅಲ್ಲಿಂದ ನಡೆದು. ನಿನ್ನ ಗಂಡ ಹೇಳಿದಷ್ಟೇನೂ ರಾಡಿ ಇಲ್ಲ, ಮೇಲಿನದೆಲ್ಲ ಒಣಗಿ ಬಿರಿದಿದೆ. ಗುಡಿಯ ಕಟ್ಟೆ ಪೂರ್ತಿ ಹೊರಗಿದೆ. ಒಳಗೆ ಮಣ್ಣು, ಸತ್ತ ಮೀನಿನ ವಾಸನೆ, ಯಾರದೋ ಹರಿದ ಬಲೆ. ಇಬ್ಬರೂ ಸೀರೆ ಮೇಲೆ ಕಟ್ಟಿ ಗುಡಿಸಿದೆವು. ಕೆಂಪವ್ವ, “ನಮ್ಮ ಮನಿ ಎಲ್ಲಿತ್ತಬೇ ಹೊಳೆವ್ವಾ?” ಎಂದು ಕೇಳುತ್ತ ಕೇಳುತ್ತ ತಿರುಗಿದಳು. ಓಣಿಯೇ ಗುರುತು ಸಿಗಲಿಲ್ಲ. ಬೀರಪ್ಪನಿಗೆ ಕೊಡಪಾನ ನೀರು ಹಾಕಿ, ಭಂಡಾರ ಹಚ್ಚಿದಾಗ ಮಾತ್ರ ನನಗೆ ನನ್ನ ಊರಿಗೆ ಬಂದೆ ಅನಿಸಿತು.

ಬಂದು ಮತ್ತೆ ಮಗನೊಡನೆ ಜಗಳ. ಎರಡು ದಿನ ಅವನು ಮಾತು ಬಿಟ್ಟ, ನಾನು ಊಟ ಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಅಡಿಗೆಮನೆಯಲ್ಲಿ ರೊಟ್ಟಿ ತಿಂದೆ. ಕೊನೆಗೆ ಅವನೇ ಸೋತು, “ಕೂಸಿನ ಅವ್ವ ಹೂಂ ಅಂದ್ರ ನಾ ಒಲ್ಲೆ ಅನ್ನೂದಿಲ್ಲ. ಭಾಗ್ಯಾನ್ನ ಕೇಳು” ಎಂದ. ಈಗ ಮಾತು ನಿನ್ನ ಮಡಿಲಿಗೆ ಬಿದ್ದಿದೆ. ಮನೆದೇವರ ಮೂಲಸ್ಥಾನ ಅದು. ನಿನ್ನ ಮಾವ, ಅವರಪ್ಪ, ಅವರಜ್ಜ ಎಲ್ಲರ ಜವಳವೂ ಆ ಕಟ್ಟೆಯ ಮೇಲೆಯೇ ಆದದ್ದು. ಅಣ್ಣನ ಮಗಳೆಂದು ಒತ್ತಾಯ ಮಾಡುತ್ತಿಲ್ಲ. ಯೋಚಿಸಿ ಹೇಳು.

ನಿನ್ನ ಅವ್ವನಿಗೆ ಬಿಸಿಲಿನಲ್ಲಿ ಹೆಚ್ಚು ತಿರುಗಬೇಡ ಎಂದು ಹೇಳು. ಕೂಸಿಗೆ ನಡುಮಧ್ಯಾಹ್ನ ನೀರು ಎರೆಯಬೇಡ. ಬೀರಪ್ಪ ನಿಮ್ಮಿಬ್ಬರನ್ನೂ ತಣ್ಣಗಿಡಲಿ, ನಿನ್ನ ಹಸಿರು ಬಳೆ ಸದಾ ಗಲ್ ಎನ್ನುತ್ತಿರಲಿ, ನನ್ನ ಮೊಮ್ಮಗ ನನ್ನಷ್ಟೇ ಹಠಮಾರಿಯಾಗಲಿ.

ನಿನ್ನ ಅತ್ತೆ,
ಹೊಳೆವ್ವ

ತಾ. ಕ.: ಮರೆತದ್ದು ಈಗ ನೆನಪಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೇಲೆ ಬರೆಯಲು ಕೈ ಬರಲಿಲ್ಲ. ಮಹಾಲಿಂಗನಿಗಿಂತ ಮೊದಲು ನನಗೊಂದು ಗಂಡುಮಗು ಇತ್ತು. ಯಲ್ಲಾಲಿಂಗ. ನಿನ್ನಪ್ಪ ಎತ್ತಿ ಆಡಿಸಿದ್ದಾನೆ. ಅವನ ಜವಳದ ಹೊತ್ತಿಗೆ ನಿನ್ನ ಮಾವ, ಅವರಪ್ಪ ಇಬ್ಬರೂ ಕುರಿಯ ಹಿಂದೆ ದೂರ ಹೋಗಿದ್ದರು. ಗಂಡಸರು ಬರಲಿ, ಆಮೇಲೆ ಮಾಡೋಣ ಎಂದರು. ಅವರಿಗಿಂತ ಮೊದಲು ಜ್ವರ ಬಂತು. ಅವರು ಬಂದಾಗ ಮಣ್ಣು ಮುಚ್ಚಿ ಆಗಿತ್ತು. ಗುಡಿಯ ಹಿಂದಿನ ಗೋಡೆಯ ಪಕ್ಕದಲ್ಲಿಯೇ ಇಟ್ಟೆವು, ಕಿವಿ ಮುಚ್ಚುವಷ್ಟು ಬೆಳೆದ ಕೂದಲಿನ ಸಮೇತ. ಆ ಹೆಸರನ್ನು ನಿನ್ನ ಮಾವ ಇವತ್ತಿನವರೆಗೂ ಬಾಯಿಗೆ ತಂದಿಲ್ಲ, ನಾನೂ ತಂದಿಲ್ಲ. ಊರು ಬಿಡುವಾಗ ಮನೆ ಅಳೆದರು, ಗಿಡ ಎಣಿಸಿದರು, ದೇವರನ್ನು ಹೊತ್ತು ತಂದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು.

ನಾನು ದೇವರಿಗಾಗಿ ಜಗಳವಾಡಿದ್ದಲ್ಲ, ಭಾಗ್ಯಾ. ದೇವರು ಹೊಸ ಗುಡಿಯಲ್ಲಿದ್ದಾನೆ, ರಾಚಪ್ಪ ಹೇಳಿದ್ದು ಖರೆ. ಜವಳ ನಿನ್ನ ಗಂಡ ಹೇಳಿದಲ್ಲಿಯೇ ಮಾಡಿಸು, ನಾನು ನಗುನಗುತ್ತ ಕೂಡುತ್ತೇನೆ. ಆದರೆ ತಲೆಯ ಮೇಲೆ ಕೂದಲು ಇರುವಾಗಲೇ, ಮಳೆ ಬರುವ ಮೊದಲು, ಕೂಸನ್ನು ಒಂದು ದಿನ ನನ್ನ ಕೈಗೆ ಕೊಡು. ಒಂದು ಸಲ ಆ ಹಿಂದಿನ ಗೋಡೆಯ ಪಕ್ಕಕ್ಕೆ ಎತ್ತಿಕೊಂಡು ಹೋಗಿ, ನಿನ್ನ ತಮ್ಮನ ಮಗ ನೋಡಪ್ಪಾ ಎಂದು ತೋರಿಸಿ ಬರುತ್ತೇನೆ.